ಸ್ಪೀಡ್ ಟೆಸ್ಟ್ ಎಂಬ ಅರ್ಧ ಸಾಕ್ಷಿ

ಸ್ಪೀಡ್ ಟೆಸ್ಟಿನಲ್ಲಿ ಪ್ಲ್ಯಾನಿನಷ್ಟು ವೇಗ ಬಾರದಿದ್ದರೆ ಕಂಪನಿಯದು ಮೋಸ ಎಂಬುದು ಗ್ರಾಹಕರ ವಾದ. ‘ಓವರ್‌ಹೆಡ್ ಇರುತ್ತೆ ಸರ್, ವೈಫೈನಲ್ಲಿ ಅಷ್ಟೇ ಬರೋದು’ ಎಂಬುದು ಕಸ್ಟಮರ್ ಕೇರ್‌ನವರ ಉತ್ತರ. ತಾಂತ್ರಿಕವಾಗಿ ಕೇಳಿಸುತ್ತದೆಂಬ ಒಂದೇ ಕಾರಣಕ್ಕೆ ವಿದ್ಯಾವಂತರೂ ಈ ಉತ್ತರ ಒಪ್ಪಿ ಸುಮ್ಮನಾಗುತ್ತಾರೆ. ನನ್ನ ತಕರಾರು ಮುಖ್ಯವಾಗಿ ಆ ಒಪ್ಪಿಗೆಯ ಮೇಲೆ.

ಓವರ್‌ಹೆಡ್ ಎಷ್ಟೆಂದು ಲೆಕ್ಕ ಹಾಕಬಹುದಲ್ಲ. ಈಥರ್ನೆಟ್ ತಂತಿಯ ಮೇಲೆ ಒಂದು ಪೂರ್ಣ ಪ್ಯಾಕೆಟ್ 1,538 ಬೈಟ್‌ಗಳ ಜಾಗ ಹಿಡಿಯುತ್ತದೆ. ಅದರಲ್ಲಿ ನಮ್ಮ ಡೇಟಾ 1,460. ನಷ್ಟ ಶೇ. 5ರ ಆಸುಪಾಸು. 100 ಎಂಬಿಪಿಎಸ್ ಪ್ಲ್ಯಾನಿನಲ್ಲಿ 94 ಬಂದರೆ ಆ ಸಬೂಬು ಸಲ್ಲುತ್ತದೆ. 40 ಬಂದರೆ ಸಲ್ಲದು. ಇನ್ನು 300ರ ಪ್ಲ್ಯಾನಿನಲ್ಲೂ ಅಂಕಿ 94ಕ್ಕೇ ಅಂಟಿಕೊಂಡಿದ್ದರೆ ಮೊದಲ ಅನುಮಾನ ಮನೆಯೊಳಗೇ: ಯಾವುದೋ ಪೋರ್ಟ್ 100ರದ್ದು, ಇಲ್ಲವೇ ಲ್ಯಾನ್ ಕೇಬಲ್ಲಿನ ಒಂದು ಎಳೆ ಕಡಿದಿದೆ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, 100ಕ್ಕೆ ನಾಲ್ಕು ಸಾಕು. ಡಬ್ಬಿಯ ಮೇಲೆ ‘300’ ಎಂದು ಅಚ್ಚಾದ ಅಗ್ಗದ ರೌಟರ್‌ಗಳ ಬೆನ್ನಿಗೆ ಸಾಮಾನ್ಯವಾಗಿ ಇರುವುದು 100ರ ಪೋರ್ಟುಗಳೇ. ಆ 300 ಬರೀ ರೇಡಿಯೊ ಲಿಂಕಿನ ವೇಗ, ಅದೂ 40 ಮೆಗಾಹರ್ಟ್ಸ್ ಚಾನೆಲ್ ಖಾಲಿ ಸಿಕ್ಕರೆ. ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಂದ ಸಿಗಬೇಕು? 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಮೇಲಿನ, ಕೆಳಗಿನ, ಎದುರಿನ ಮನೆಗಳೆಲ್ಲ ಸರದಿಯಲ್ಲಿ ಕಾಯುವುದು ಅವಕ್ಕೇ.

ಹಾಗೆಂದು ಕಂಪನಿಯನ್ನು ಬಿಟ್ಟುಬಿಡಲು ನಾನು ತಯಾರಿಲ್ಲ. ಪೂರ್ಣ ವೇಗ ತೋರಿಸುವ ಟೆಸ್ಟಿನ ಮೇಲೆ ನನಗೆ ಇನ್ನೂ ಹೆಚ್ಚು ಗುಮಾನಿ. ಆ್ಯಪ್ ತಾನಾಗಿ ಆರಿಸುವ ಹತ್ತಿರದ ಸರ್ವರ್ ಎಷ್ಟೋ ಸಲ ಅದೇ ಕಂಪನಿಯ ಜಾಲದೊಳಗಿರುತ್ತದೆ. ರಾತ್ರಿ ಒಂಬತ್ತಕ್ಕೆ ಹೊರಜಾಲದ ದಾರಿ ಕಟ್ಟಿಕೊಂಡಿದ್ದರೂ ಅದರ ಸುಳಿವು ಆ ಟೆಸ್ಟಿಗೆ ಸಿಗದು. ನೆಟ್‌ಫ್ಲಿಕ್ಸ್ 2016ರಲ್ಲಿ ತಂದ ಫಾಸ್ಟ್ ಡಾಟ್ ಕಾಮ್ ತನ್ನದೇ ಸರ್ವರ್‌ಗಳಿಂದ ಅಳೆಯುತ್ತದೆ, ನಿಜ. ಆ ಸರ್ವರ್‌ಗಳಲ್ಲೂ ಬಹಳಷ್ಟು ಕಂಪನಿಗಳ ಒಳಗೇ ಕೂತಿವೆ.

ಎರಡೂ ಪಕ್ಷಗಳು ಮರೆತದ್ದು ಬೇರೆಯೇ ಇದೆ. ಮಗಳು ಫೋಟೊಗಳನ್ನು ಅಪ್‌ಲೋಡ್‌ಗೆ ಹಾಕಿದ ಕೂಡಲೇ ಅಪ್ಪನ ವಿಡಿಯೊ ಕಾಲ್ ತೊದಲುವುದು ಎಂಬಿಪಿಎಸ್ ಕೊರತೆಯಿಂದಲೇ ಆಗಬೇಕಿಲ್ಲ. ರೌಟರ್ ತನ್ನ ಬಫರ್‌ನಲ್ಲಿ ಪ್ಯಾಕೆಟ್‌ಗಳನ್ನು ಅತಿಯಾಗಿ ಪೇರಿಸಿಕೊಂಡರೂ ಹೀಗೇ ಆಗುತ್ತದೆ. ‘ಬಫರ್‌ಬ್ಲೋಟ್’ ಎಂಬ ಈ ರೋಗವನ್ನು ಅಮೆರಿಕದ ಪ್ರೋಗ್ರಾಮರ್ ಜಿಮ್ ಗೆಟ್ಟಿಸ್ ದಶಕಕ್ಕೂ ಹಿಂದೆಯೇ ಬಯಲಿಗೆಳೆದರು. ಮದ್ದೂ ಸಿಕ್ಕಿದೆ, 2018ರ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 8290ರಲ್ಲಿ ಒಂದು ವಿಧಾನ ದಾಖಲಾಗಿದೆ. ಲೋಡ್ ಇದ್ದಾಗಿನ ಪಿಂಗ್ ಅನ್ನು ಕೆಲವು ಟೆಸ್ಟ್ ಆ್ಯಪ್‌ಗಳು ಈಗ ತೋರಿಸುತ್ತವೆ, ದೊಡ್ಡ ಅಂಕಿಯ ಪಕ್ಕ ಸಣ್ಣಕ್ಷರದಲ್ಲಿ. ದೂರಿಗೆಂದು ಸ್ಕ್ರೀನ್‌ಶಾಟ್ ಕತ್ತರಿಸುವಾಗ ನಮ್ಮ ಜನ ಮೊದಲು ಹೊರಗಿಡುವುದು ಅದನ್ನೇ.