ಲಕ್ಷಣಕ್ಕಾಗಿ ಹುಟ್ಟಿದ ನಾಟಕ

ನಂಜನಗೂಡು ತಾಲ್ಲೂಕಿನ ಕಳಲೆಯ ದಳವಾಯಿ ಮನೆತನಕ್ಕೆ ಸೇರಿದ ಸರ್ವಾಧಿಕಾರಿ ನಂಜರಾಜನನ್ನು ನಾಯಕನನ್ನಾಗಿಟ್ಟುಕೊಂಡು ನೃಸಿಂಹಕವಿಯು 18ನೆಯ ಶತಮಾನದಲ್ಲಿ 'ನಂಜರಾಜಯಶೋಭೂಷಣ'ವೆಂಬ ಸಂಸ್ಕೃತ ಅಲಂಕಾರಗ್ರಂಥವನ್ನು ರಚಿಸಿದನು. ವಿದ್ಯಾನಾಥನ 'ಪ್ರತಾಪರುದ್ರೀಯ'ವೇ ಇದಕ್ಕೆ ಮೇಲ್ಪಂಕ್ತಿ. 1930ರಲ್ಲಿ ಇದು ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಅಚ್ಚಾಯಿತು. ಉದಾಹರಣೆಗಳೆಲ್ಲವೂ ಪ್ರಭುಸ್ತುತಿಯೆಂದು ಇದನ್ನು ಬದಿಗೊತ್ತುವುದು ಸುಲಭ. ಆದರೆ ಪಾಠ ಹೇಳುವವರಿಗೆ ಇದರಲ್ಲಿ ಒಂದು ದೊಡ್ಡ ಪ್ರಯೋಜನವುಂಟು.

ನಾಟಕಪ್ರಕರಣದಲ್ಲಿ ಕವಿಯು ಬಿಡಿಪದ್ಯಗಳಿಗೆ ತೃಪ್ತನಾಗದೆ, 'ಚಂದ್ರಕಲಾಕಲ್ಯಾಣ'ವೆಂಬ ಇಡಿಯ ನಾಟಕವನ್ನೇ ಲಕ್ಷ್ಯವಾಗಿ ಬರೆದು ಸೇರಿಸಿದ್ದಾನೆ. ಬೀಜ, ಬಿಂದು, ಮುಖ, ಪ್ರತಿಮುಖ ಮೊದಲಾದ ಪರಿಭಾಷೆಯು ವಿದ್ಯಾರ್ಥಿಗೆ ಬರಿಯ ಕಂಠಪಾಠವಾಗದೆ ಒಂದೇ ಕಥೆಯ ನಡೆಯಲ್ಲಿ ಮನದಟ್ಟಾಗುತ್ತದೆ.

ದೋಷವೂ ಅಲ್ಲಿಯೇ ಇದೆ. ಲಕ್ಷಣಕ್ಕಾಗಿ ಹುಟ್ಟಿದ ನಾಟಕದಲ್ಲಿ ಸಂಧಿಗಳು ಅಳೆದಿಟ್ಟಂತೆ ಕೂಡುತ್ತವೆ, ಶಂಕೆಗೆ ಎಡೆಯಿಲ್ಲ. 'ಶಾಕುಂತಲ'ದಲ್ಲಿಯಾದರೋ ವಿಮರ್ಶಸಂಧಿಯು ತೊಡಗುವುದು ನಾಲ್ಕನೆಯ ಅಂಕದ ಮೊದಲಿನ ದುರ್ವಾಸಶಾಪದಿಂದಲೋ, ಐದನೆಯ ಅಂಕದ ನಿರಾಕರಣದಿಂದಲೋ ಎಂದು ವಾದಿಸಬೇಕಾಗುತ್ತದೆ. ಹಾಗೆ ವಾದಿಸುವಾಗಲೇ ಗರ್ಭವೆಂದರೇನು, ವಿಮರ್ಶವೆಂದರೇನು ಎಂಬುದು ಸ್ಫುಟವಾಗುವುದು. ನೃಸಿಂಹಕವಿಯ ನಾಟಕದಿಂದ ಹೆಸರುಗಳನ್ನು ಪರಿಚಯಮಾಡಿಸಿ, ಒಡನೆಯೇ ಬಸವಪ್ಪಶಾಸ್ತ್ರಿಗಳ ಕನ್ನಡ 'ಶಾಕುಂತಲ'ವನ್ನು ಕೈಗೆ ಕೊಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿಯೇ ನಿಂತ ವಿದ್ಯಾರ್ಥಿಯು ಕಾಳಿದಾಸನಲ್ಲಿಯೂ ಲಕ್ಷಣದ ಪಟ್ಟಿಯನ್ನೇ ಹುಡುಕಿಯಾನು.