ಬೆಂಕಿಯ ಕವನದಾಚೆಗೆ: ಕಯ್ಯಾರರ ಮರುಓದು

1956ರ ನವೆಂಬರ್ 1ರಂದು ಮಲಬಾರ್ ಜಿಲ್ಲೆಗೆ ಸೇರಿದ್ದ ವಯನಾಡು ಮತ್ತು ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕು ಒಟ್ಟಿಗೇ ಕೇರಳ ರಾಜ್ಯದ ಭಾಗಗಳಾದವು. ವಯನಾಡಿನ ಕನ್ನಡಿಗರಿಗೆ ಅಲ್ಪಸಂಖ್ಯಾತರಾಗಿ ಬಾಳುವುದು ಹೊಸದೇನಲ್ಲ. ಕಾಸರಗೋಡಿನ ಕನ್ನಡಿಗರಿಗಾದರೋ ಅದು ತಮ್ಮ ಮನೆಯಲ್ಲಿದ್ದುಕೊಂಡೇ ಪರಕೀಯರಾದ ಅನುಭವ. ಅದಕ್ಕೆ ದನಿಯಾದವರು ಕಯ್ಯಾರ ಕಿಞ್ಞಣ್ಣ ರೈ (1915–2015). ಮನೆಗೆ ಬೆಂಕಿ ಬಿದ್ದ ರೂಪಕದಲ್ಲಿ ಸೋದರರನ್ನು ಕೂಗಿ ಕರೆದ ಅವರ ಕವನ ಚಳವಳಿಯ ಹಾಡಾಯಿತು. ಕವಿಯ ಉಳಿದ ಬರಹವನ್ನು ಮರೆಮಾಡಿತು.

ಗಡಿ ಮತ್ತು ಪ್ರಭುತ್ವಗಳ ನಡುವೆ ಸಿಕ್ಕಿದ ಕವಿಯೆಂದೊಡನೆ ನೆನಪಾಗುವವರು ಪೋಲಿಷ್ ಕವಿ ಚೆಸ್ವಾವ್ ಮಿವೋಶ್. 1911ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದ ಅವರು ನಾಜಿಗಳ ವಶದಲ್ಲಿದ್ದ ವಾರ್ಸಾದಲ್ಲಿ ಯುದ್ಧಕಾಲವನ್ನು ಕಳೆದರು. ಬಳಿಕ ಕಮ್ಯುನಿಸ್ಟ್ ಸರ್ಕಾರದ ರಾಜತಾಂತ್ರಿಕರಾಗಿ, 1951ರಲ್ಲಿ ಅದನ್ನು ತೊರೆದು ಫ್ರಾನ್ಸಿನಲ್ಲಿ ಆಶ್ರಯ ಪಡೆದರು. ಸ್ವದೇಶದಲ್ಲಿ ಅವರ ಕೃತಿಗಳು ನಿಷೇಧಕ್ಕೊಳಗಾದವು. ಈ ಹೋಲಿಕೆಗೆ ಮಿತಿಯಿದೆ. 1957ರ ಕೇರಳದ ಕಮ್ಯುನಿಸ್ಟ್ ಸರ್ಕಾರ ಮತದಾನದಿಂದ ಬಂದದ್ದು. 1959ರಲ್ಲಿ ಅದನ್ನು ವಜಾಗೊಳಿಸಿದ್ದು ಕೇಂದ್ರ. ಕಾಸರಗೋಡಿನ ಕವಿಯ ಮೇಲಿದ್ದುದು ಸೆನ್ಸಾರಿನ ಒತ್ತಡವಲ್ಲ, ಕಚೇರಿ ಮತ್ತು ಶಾಲೆಯ ಭಾಷೆಯ ಒತ್ತಡ. ಆದರೂ ಕವಿಯಿಂದ ಒಂದೇ ದನಿಯನ್ನು ಬೇಡುವ ಗುಣ ಪ್ರಭುತ್ವಕ್ಕಷ್ಟೇ ಅಲ್ಲ, ಪ್ರತಿಭಟನೆಗೂ ಇದೆ.

ಕಯ್ಯಾರರು ಆ ಬೇಡಿಕೆಯನ್ನು ಪೂರ್ತಿ ಒಪ್ಪಿಕೊಂಡವರಲ್ಲ. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಜಾರಿಗೆ ಬರಲಿಲ್ಲ. ಕವಿ ಊರು ಬಿಡಲಿಲ್ಲ. ಬದಿಯಡ್ಕದ ಬಳಿಯ ಪೆರಡಾಲದಲ್ಲಿ ಅಧ್ಯಾಪಕರಾಗಿ, ಕೃಷಿಕರಾಗಿ ಬಾಳಿದರು. ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಮಲಯಾಳದ ಆಡಳಿತವನ್ನು ವಿರೋಧಿಸಿದ ಅವರೇ ಮಲಯಾಳದ ಕುಮಾರನ್ ಆಶಾನರನ್ನು ಕನ್ನಡಕ್ಕೆ ತಂದರು. ತುಳುವಿನಲ್ಲೂ ಕಾವ್ಯ ಬರೆದರು. ಇದನ್ನು ವಿರೋಧಾಭಾಸವೆಂದು ಬಗೆಯುವುದು ತಪ್ಪು. ಅವರ ಜಗಳ ಅಧಿಕಾರದೊಡನೆ, ನೆರೆಯ ನುಡಿಯೊಡನಲ್ಲ.

ಬೆಂಕಿಯ ಕವನದ ಬಲವೂ ಮಿತಿಯೂ ಅದರ ಸಂಬೋಧನೆಯಲ್ಲಿವೆ. ‘ಸೋದರ’ರೆಂಬ ಕರೆ ಜನರನ್ನು ತಕ್ಷಣ ಒಗ್ಗೂಡಿಸುತ್ತದೆ, ಅದೇ ಮನೆಯೊಳಗಿನ ತುಳುವರು, ಮಲಯಾಳಿಗಳು ಯಾರೆಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಆ ಪ್ರಶ್ನೆಗೆ ಉತ್ತರ ಅನುವಾದಗಳಲ್ಲಿದೆ, ತುಳು ಕವನಗಳಲ್ಲಿದೆ. ಕನ್ನಡದ ನಂಟಿರುವ ಕಾಟುನಾಯ್ಕರ ಮಾತು ಶಾಲೆಯ ಹೊರಗೇ ನಿಲ್ಲುವ ವಯನಾಡಿನಂಥ ನೆಲಕ್ಕೆ ಇಂದು ಹೆಚ್ಚು ಬೇಕಾದವರು ಈ ಎರಡನೆಯ ಕಯ್ಯಾರರು.