ಮಾರಿಯಸ್ ಪೆಟಿಪಾ: ಬ್ಯಾಲೆಯ ಮೌಖಿಕ ಪರಂಪರೆ ಮತ್ತು ಪಾಠಾಂತರಗಳು

ಬ್ಯಾಲೆಯನ್ನು ಶಿಷ್ಟ ಕಲೆಯ ಮಾದರಿಯೆಂದು ಪರಿಗಣಿಸುವುದು ವಾಡಿಕೆ. ಗೊತ್ತಾದ ಕರ್ತೃ, ನಿಶ್ಚಿತವಾದ ಕೃತಿ, ಕಟ್ಟುನಿಟ್ಟಾದ ವ್ಯಾಕರಣ ಈ ಮೂರೂ ಅದನ್ನು ಜನಪದ ನೃತ್ಯದಿಂದ ಬೇರ್ಪಡಿಸುತ್ತವೆ ಎಂಬ ತಿಳಿವಳಿಕೆ ವಿದ್ವಾಂಸರಲ್ಲಿಯೂ ಇದೆ. ಫ್ರೆಂಚ್ ನೃತ್ಯಸಂಯೋಜಕ ಮಾರಿಯಸ್ ಪೆಟಿಪಾ ಅವರ ಕೃತಿಗಳು ಉಳಿದುಬಂದಿರುವ ಬಗೆಯನ್ನು ಗಮನಿಸಿದರೆ ಈ ತಿಳಿವಳಿಕೆಯನ್ನು ಮರುಪರಿಶೀಲಿಸಬೇಕಾಗುತ್ತದೆ.

ಪೆಟಿಪಾ 1818ರಲ್ಲಿ ಮಾರ್ಸೇಲ್ಸ್ ನಗರದಲ್ಲಿ ಜನಿಸಿದರು. ತಂದೆ ಜಾನ್ ಆಂಟ್ವಾನ್ ನೃತ್ಯಾಚಾರ್ಯರು, ತಾಯಿ ನಟಿ. ಅಣ್ಣ ಲೂಸಿಯನ್ 1841ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ‘ಜಿಸೆಲ್’ ಬ್ಯಾಲೆಯ ನಾಯಕನಟ. ಹೀಗೆ ವಿದ್ಯೆ ಮನೆಯಲ್ಲಿಯೇ ಕೈಯಿಂದ ಕೈಗೆ ದಾಟಿಬಂದಿತ್ತು. ನಾಂತ್, ಬೋರ್ಡೊ, ಮ್ಯಾಡ್ರಿಡ್‌ಗಳಲ್ಲಿ ಕುಣಿದ ಪೆಟಿಪಾ 1847ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದರು. 1862ರ ‘ಫೇರೋನ ಮಗಳು’ ಕೃತಿಯಿಂದ ಹೆಸರು ಗಳಿಸಿದ ಅವರು ಮುಂದೆ ಅಲ್ಲಿನ ರಾಜರಂಗಭೂಮಿಯ ಮುಖ್ಯ ನೃತ್ಯಾಚಾರ್ಯರಾಗಿ 50ಕ್ಕೂ ಹೆಚ್ಚು ಬ್ಯಾಲೆಗಳನ್ನು ರಚಿಸಿದರು. ‘ಮಾಯಾದರ್ಪಣ’ದ (1903) ಸೋಲಿನೊಂದಿಗೆ ಅವರ ರಂಗಜೀವನ ಕೊನೆಗೊಂಡಿತು. 1910ರಲ್ಲಿ ಕ್ರಿಮಿಯಾದಲ್ಲಿ ನಿಧನರಾದರು.

ಜಾನಪದ ಸಾಮಗ್ರಿಯೊಂದಿಗೆ ಪೆಟಿಪಾ ಅವರ ಸಂಬಂಧ ನೇರವಾದುದು. ಸ್ಪೇನಿನಲ್ಲಿ ಕಲಿತ ಕುಣಿತಗಳು ‘ಡಾನ್ ಕ್ವಿಕ್ಸೋಟ್’ (1869) ಕೃತಿಗೆ ಒದಗಿದವು. ಚೈಕೋವ್‌ಸ್ಕಿ ಸಂಗೀತದ ‘ನಿದ್ರಾಸುಂದರಿ’ (1890) ಪೆರೋ ಸಂಕಲಿಸಿದ ಕಥೆಯನ್ನು ಆಧರಿಸಿದೆ. ಆರ್ನೆ-ಥಾಂಪ್ಸನ್ ವರ್ಗೀಕರಣದಲ್ಲಿ ಅದು 410ನೆಯ ಕಥಾವರ್ಗ. ಆದರೆ ವಸ್ತು ಜನಪದದ್ದೆಂಬುದು ಮೇಲ್ನೋಟದ ಸಂಬಂಧ ಮಾತ್ರ. ಹೆಚ್ಚು ಮುಖ್ಯವಾದುದು ಕೃತಿಯ ಪ್ರಸರಣದ ರೀತಿ. ಇದಕ್ಕೆ ‘ಲಾ ಬಯಾದೇರ್’ (1877) ಒಳ್ಳೆಯ ನಿದರ್ಶನ.

ದೇವನರ್ತಕಿ ನಿಕಿಯಾ, ಆಕೆಯನ್ನು ಪ್ರೀತಿಸುವ ಯೋಧ ಸೋಲೋರ್, ಅವನಿಗೆ ಗೊತ್ತುಮಾಡಿದ ರಾಜಕುಮಾರಿ ಗಮ್ಜಟ್ಟಿ ಇವರ ಸುತ್ತ ಕಥೆ ಹೆಣೆದಿದೆ. ಹೂಬುಟ್ಟಿಯಲ್ಲಿ ಅಡಗಿಸಿದ ಹಾವು ಕಚ್ಚಿ ನಿಕಿಯಾ ಸಾಯುತ್ತಾಳೆ. ರಾಜಕುಮಾರಿಯ ತಂದೆ ಗೋಲ್ಕೊಂಡದ ರಾಜ ದುಗ್ಮಂತ. ಈ ಹೆಸರಿನಲ್ಲಿ ದುಷ್ಯಂತನ ಪ್ರತಿಧ್ವನಿಯಿದೆ. ಇದು ಆಕಸ್ಮಿಕವೆನಿಸದು. ಗೋತಿಯೆ ಬರೆದ ಶಾಕುಂತಲದ ಬ್ಯಾಲೆ ರೂಪವನ್ನು 1858ರಲ್ಲಿ ಪ್ಯಾರಿಸ್ಸಿನಲ್ಲಿ ಸಂಯೋಜಿಸಿದವರು ಲೂಸಿಯನ್ ಪೆಟಿಪಾ. ಅದಕ್ಕೂ ಮುನ್ನ, 1838ರಲ್ಲಿ, ಪಾಂಡಿಚೇರಿ ಸಮೀಪದ ತಿರುವೆಂದಿಪುರಂನ ದೇವದಾಸಿಯರ ತಂಡವೊಂದು ಪ್ಯಾರಿಸ್ಸಿನಲ್ಲಿ ಕುಣಿದಿತ್ತು. ಅವರಲ್ಲಿ ಅಮ್ಮಣಿ ಎಂಬಾಕೆಯನ್ನು ಗೋತಿಯೆ ಬರಹದಲ್ಲಿ ಚಿತ್ರಿಸಿದ. ಶಿಲ್ಪಿ ಬಾರ್ ಪ್ರತಿಮೆಯಲ್ಲಿ ಕಡೆದ. ಯುರೋಪು ಆಕೆಯ ರೂಪವನ್ನು ಕಾಪಿಟ್ಟುಕೊಂಡಿತು, ಅಡವುಗಳನ್ನಲ್ಲ. ‘ಲಾ ಬಯಾದೇರ್’ ಕೃತಿಯಲ್ಲಿ ಭಾರತೀಯ ನೃತ್ಯ ಇಲ್ಲವೆಂಬ ಆಕ್ಷೇಪ ನಿಜ. ಅಲ್ಲಿ ದೇವದಾಸಿ ಎಂಬುದು ಒಂದು ಪರಂಪರೆಯ ಹೆಸರಲ್ಲ, ಅಲೆದಾಡುವ ಒಂದು ಕಥಾಶಯ.

ಕೃತಿಯ ತಿರುಳು ‘ಛಾಯೆಗಳ ದೃಶ್ಯ’. ಬಿಳಿಯುಡುಗೆಯ ನರ್ತಕಿಯರು ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ ಬರುತ್ತ ಒಂದೇ ಹೆಜ್ಜೆಯನ್ನು ಪುನರಾವರ್ತಿಸುತ್ತಾರೆ. ಇಂದು ತಂಡಗಳು 24 ಅಥವಾ 32 ಮಂದಿಯನ್ನು ಬಳಸುತ್ತವೆ. ಹೊಸ ಚಲನೆಯನ್ನು ಸೇರಿಸದೆ, ಇದ್ದುದನ್ನೇ ಮತ್ತೆ ಮತ್ತೆ ತಂದು ಪರಿಣಾಮವನ್ನು ಬೆಳೆಸುವ ಈ ಕ್ರಮ ಮೌಖಿಕ ನಿರೂಪಣೆಯ ಸೂತ್ರಾತ್ಮಕ ಪುನರಾವರ್ತನೆಗೆ ಸಮೀಪವಾದುದು.

ಈ ಕೃತಿಯ ಯಾವ ಪಾಠ ಪೆಟಿಪಾ ಅವರದು? 1900ರಲ್ಲಿ ಅವರೇ ಅದನ್ನು ಪರಿಷ್ಕರಿಸಿದರು. ದೇವಾಲಯ ಕುಸಿಯುವ ಕೊನೆಯ ಅಂಕ ಸೋವಿಯತ್ ಕಾಲದಲ್ಲಿ ಬಿಟ್ಟುಹೋಯಿತು. 1941ರಲ್ಲಿ ಪೊನೊಮರ್ಯೋವ್ ಮತ್ತು ಚಬುಕಿಯಾನಿ ಹೊಸ ರೂಪ ನೀಡಿದರು. ಇಂದು ಪ್ರೇಕ್ಷಕರು ಕಾತರದಿಂದ ಕಾಯುವ ಚಿನ್ನದ ವಿಗ್ರಹದ ನೃತ್ಯ 1948ರಲ್ಲಿ ಜುಬ್‌ಕೋವ್‌ಸ್ಕಿ ಸೇರಿಸಿದ್ದು. 1980ರಲ್ಲಿ ನ್ಯೂಯಾರ್ಕಿನಲ್ಲಿ ಮಕಾರೋವಾ ಕೊನೆಯ ಅಂಕವನ್ನು ಸ್ವಂತ ಸಂಯೋಜನೆಯಿಂದ ಮರಳಿ ತಂದರೆ, 1992ರಲ್ಲಿ ಪ್ಯಾರಿಸ್ಸಿನಲ್ಲಿ ನುರೆಯೆವ್ ಛಾಯೆಗಳ ದೃಶ್ಯಕ್ಕೇ ಕೃತಿಯನ್ನು ಮುಗಿಸಿದರು. ಇವೆಲ್ಲವೂ ಪೆಟಿಪಾ ಹೆಸರಿನಲ್ಲಿಯೇ ಚಲಾವಣೆಯಲ್ಲಿವೆ. ಜಾನಪದ ವಿದ್ವಾಂಸರು ಇದನ್ನು ಪಾಠಾಂತರವೆಂದು ಕರೆಯುತ್ತಾರೆ.

ಲಿಖಿತ ದಾಖಲೆಯಿಂದ ಈ ಸಮಸ್ಯೆ ಬಗೆಹರಿಯುವುದೆಂಬ ನಿರೀಕ್ಷೆಯುಂಟು. ವ್ಲಾದಿಮೀರ್ ಸ್ತೆಪಾನೋವ್ ರೂಪಿಸಿದ ನೃತ್ಯಲಿಪಿಯಲ್ಲಿ ಪೆಟಿಪಾ ಕೃತಿಗಳು ದಾಖಲಾಗಿದ್ದು, ಕ್ರಾಂತಿಯ ನಂತರ ನಿಕೊಲಾಯ್ ಸೆರ್ಗೆಯೆವ್ ಅವನ್ನು ರಷ್ಯಾದಿಂದ ಹೊರತಂದರು. ಆ ಸಂಗ್ರಹ ಈಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಅದನ್ನು ಆಧರಿಸಿ ‘ಲಾ ಬಯಾದೇರ್’ ಕೃತಿಯನ್ನು ವಿಖಾರೆವ್ 2002ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿಯೂ, ರಾತ್‌ಮಾನ್‌ಸ್ಕಿ 2018ರಲ್ಲಿ ಬರ್ಲಿನ್ನಿನಲ್ಲಿಯೂ ಪುನಾರಚಿಸಿದರು. ಆದರೆ ಆ ಲಿಪಿ ಅನೇಕ ಕಡೆ ಕಾಲಿನ ಚಲನೆಯನ್ನಷ್ಟೇ ಹೇಳುತ್ತದೆ. ಕೈ, ತಲೆ, ಮೈಯ ಬಾಗುವಿಕೆಗಳನ್ನು ಪುನಾರಚಿಸುವವರೇ ತುಂಬಬೇಕು. ಆದುದರಿಂದ ಮೂಲಪಾಠವೆಂದು ರಂಗಕ್ಕೆ ಬಂದುದೂ ಮತ್ತೊಂದು ಪಾಠಾಂತರವೇ ಆಗಿದೆ. ಇದು ಆ ಪ್ರಯತ್ನಗಳ ದೋಷವಲ್ಲ, ಮಾಧ್ಯಮದ ಸ್ವಭಾವ.

ಪೆಟಿಪಾ ಅವರ ಕರ್ತೃತ್ವವನ್ನು ಇದರಿಂದ ಅಲ್ಲಗಳೆದಂತಾಗದು. ಛಾಯೆಗಳ ದೃಶ್ಯದ ಕಲ್ಪನೆ ಒಬ್ಬ ಕಲಾವಿದನದೇ. ಆದರೆ ಅದು ಉಳಿದುದು ಗುರುವಿನ ದೇಹದಿಂದ ಶಿಷ್ಯರ ದೇಹಕ್ಕೆ ದಾಟಿ. ಶಿಷ್ಟ ಮತ್ತು ಜನಪದ ಎಂಬ ವಿಭಜನೆ ಆಶ್ರಯ, ಶಿಕ್ಷಣ, ಅಂತಸ್ತುಗಳ ಮಟ್ಟಿಗೆ ಸರಿ. ಪ್ರಸರಣದ ಮಟ್ಟಿಗೆ ನಿಲ್ಲದು. ಒಂದು ಪರಂಪರೆಗೆ ಅರಮನೆಯ ಆಶ್ರಯ, ಲಿಪಿಕಾರರು, ಗ್ರಂಥಾಲಯ ಒದಗಿದುದರಿಂದ ಅದರ ಕರ್ತೃವಿನ ಹೆಸರು ಉಳಿಯಿತು. ಅಮ್ಮಣಿಯ ನೃತ್ಯಕ್ಕೆ ಪ್ಯಾರಿಸ್ಸಿನಲ್ಲಿ ಲಿಪಿಕಾರರು ದೊರೆಯಲಿಲ್ಲ. ಪ್ರದರ್ಶನ ಕಲೆಗಳ ಚರಿತ್ರೆಯನ್ನು ಬರೆಯುವವರು ಕೃತಿಗಳ ಮೌಲ್ಯವನ್ನು ತೂಗುವ ಮೊದಲು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.